ಹಾವಿಗೆ ಫ್ರೀಜರ್ ಇಲಿ ರೂಢಿ ಮಾಡಿಸಿದ ಅನುಭವ

ಮನೆಯಲ್ಲಿ ಹಾವು ಸಾಕಿದ್ದೇವೆ ಅಂದರೆ ಎಲ್ಲರೂ ಮೊದಲು ಕೇಳುವುದು "ಕಚ್ಚಲ್ವಾ?" ಅಂತ. ನಮ್ಮದು ಬಾಲ್ ಪೈಥಾನ್ ಅನ್ನುವ ಸಣ್ಣ ಜಾತಿಯ ಹೆಬ್ಬಾವು, ಅದರ ವಿಷಯದಲ್ಲಿ ಅದು ದೊಡ್ಡ ಚಿಂತೆಯಲ್ಲ. ಹೆದರಿದರೆ ತಲೆಯನ್ನು ಮಧ್ಯದಲ್ಲಿ ಬಚ್ಚಿಟ್ಟುಕೊಂಡು ಉಂಡೆಯಾಗಿ ಸುತ್ತಿಕೊಳ್ಳುವ ಸಾಧು ಹಾವು ಅದು, ವಿಷವೂ ಇಲ್ಲ. ಚಿಂತೆ ಏನಿದ್ದರೂ ಊಟದ್ದು. ಆರೋಗ್ಯವಾಗಿರುವ ಹಾವೇ ಎದುರಿಗಿಟ್ಟ ಇಲಿಯನ್ನು ಮೂಸಿಯೂ ನೋಡದೆ ವಾರಗಟ್ಟಲೆ ಸುಮ್ಮನೆ ಕೂತುಬಿಡುತ್ತದೆ. ನಮ್ಮ ಮನೆಗೆ ಬಂದ ಮರಿಯಂತೂ ಅಲ್ಲಿಯವರೆಗೆ ಜೀವಂತ ಇಲಿ ತಿಂದೇ ಬೆಳೆದದ್ದು. ಅದಕ್ಕೆ ಫ್ರೀಜರಿನ ಇಲಿ, ಅಂದರೆ ಮೊದಲೇ ಸಾಯಿಸಿ ಹೆಪ್ಪುಗಟ್ಟಿಸಿ ಮಾರುವ ಇಲಿ, ರೂಢಿಯಾಗಲು ಏನೇನು ಮಾಡಬೇಕಾಯಿತು ಅಂತ ಇಲ್ಲಿ ಬರೆದಿದ್ದೇನೆ. ಇದೇ ಪರಿಸ್ಥಿತಿಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ನಾವಿರುವುದು ಅಮೆರಿಕದ ಓಹಾಯೋದಲ್ಲಿ, ಕೊಲಂಬಸ್ ಹತ್ತಿರ. ಮಗ ಹೈಸ್ಕೂಲಿನಲ್ಲಿದ್ದಾನೆ. ಚಿಕ್ಕಂದಿನಿಂದ ಅವನಿಗೆ ಹಾವಿನ ಹುಚ್ಚು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ತವರುಮನೆ ಇದೆ, ಅಡಿಕೆ ತೋಟ. ರಜೆಯಲ್ಲಿ ಹೋದಾಗ ತೋಟದಲ್ಲಿ ಕೇರೆಹಾವು ಕಂಡರೆ ಇವನು ಅದರ ಹಿಂದೆಯೇ ಹೋಗುತ್ತಿದ್ದ. ಅಲ್ಲಿ ಅದನ್ನು ನೋಡಬಹುದು ಅಷ್ಟೇ. ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಬಿಡಬಾರದು ಕೂಡ. ಇಲ್ಲಿ ಸಿಗುವ ಬಾಲ್ ಪೈಥಾನಿನ ಮಾತು ಬೇರೆ. ಮೂಲದಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲಿನ ಹಾವು ಅದು. ಇಲ್ಲಿ ತಲೆಮಾರುಗಳಿಂದ ಮನೆಗಳಲ್ಲೇ ಮರಿ ಮಾಡಿಸುತ್ತಾರೆ. ದೊಡ್ಡದಾದರೂ ಮೂರರಿಂದ ಐದು ಅಡಿ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಅಂದರೆ ಮಗ ಕಾಲೇಜಿಗೆ ಹೋದಮೇಲೂ ಇದು ನಮ್ಮ ಜೊತೆಗೇ ಇರುತ್ತದೆ. ಇದನ್ನು ಮನೆಯವರೆಲ್ಲ ಕೂತು ಮಾತಾಡಿದ ಮೇಲೇ ತಂದಿದ್ದು.

ನಾವು ಸಸ್ಯಾಹಾರಿಗಳು. ನಮ್ಮ ಅಡುಗೆಮನೆಗೆ ಮೊಟ್ಟೆ ಕೂಡ ಬಂದಿಲ್ಲ. ಹಾಗಿರುವಾಗ ಇಲಿ ತಂದಿಡುವುದು ಅಂದರೆ ನನಗೆ ಸುಲಭ ಇರಲಿಲ್ಲ. ನಮ್ಮವರು ಒಂದೇ ಷರತ್ತು ಹಾಕಿದರು, "ಅಡುಗೆಮನೆಗೆ ಮಾತ್ರ ಬೇಡ." ಹಾಗಾಗಿ ಗ್ಯಾರೇಜಿನಲ್ಲಿ ಒಂದು ಸಣ್ಣ ಫ್ರೀಜರ್ ಇಟ್ಟೆವು. ಇಲಿ ಕರಗಿಸಲು ಬೇರೆ ಪಾತ್ರೆ, ತೂಕಕ್ಕೆ ಬೇರೆ ತಕ್ಕಡಿ, ಬೇರೆ ಇಕ್ಕಳ. ಇದನ್ನು ಮಡಿಯ ಮಾತು ಅಂದುಕೊಳ್ಳಬೇಡಿ. ನೋಡಲು ಗಟ್ಟಿಮುಟ್ಟಾಗಿರುವ ಹಾವಿನ ಮೈಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಇಲಿಯಲ್ಲೂ ಇರಬಹುದು. ಫ್ರೀಜರಿನ ಚಳಿಗೆ ಆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅಮೆರಿಕದಲ್ಲಿ 2010ರಲ್ಲೂ 2014ರಲ್ಲೂ ಹಾವಿಗೆ ಅಂತ ಮಾರುವ ಫ್ರೋಜನ್ ಇಲಿಗಳಿಂದಲೇ ಜನರಿಗೆ ಸಾಲ್ಮೊನೆಲ್ಲಾ ಹರಡಿತ್ತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾವು ಬೇಡ ಅಂತ ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಮಾಂಸ ತಿನ್ನುವ ಮನೆಯವರೂ ಈ ಪಾತ್ರೆಗಳನ್ನು ಬೇರೆಯೇ ಇಡಬೇಕು. ಅಡುಗೆಮನೆ ಸಿಂಕಿನಲ್ಲಿ ಅವನ್ನು ತೊಳೆಯಲೂಬಾರದು.

ಜೀವಂತ ಇಲಿ ಯಾಕೆ ಬೇಡ ಅಂತ ಕೆಲವರು ಕೇಳಿದರು. ಅದು ಹಾವಿಗೆ ಸಹಜ ಅಲ್ವಾ ಅಂತ. ಕಾಡಿನಲ್ಲಿ ಇಲಿಗೆ ಓಡಲು ಜಾಗ ಇರುತ್ತದೆ, ಹಾವಿಗೂ ಬೇಡ ಅನಿಸಿದರೆ ಬಿಟ್ಟು ಹೋಗಲು ಜಾಗ ಇರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರಿಗೂ ಅದಿಲ್ಲ. ಹಸಿವಿಲ್ಲದ ಹಾವಿನ ಜೊತೆ ಜೀವಂತ ಇಲಿಯನ್ನು ಬಿಟ್ಟರೆ ಇಲಿಯೇ ಹಾವನ್ನು ಕಚ್ಚುತ್ತದೆ. ಬೆನ್ನಿನ ಚರ್ಮ ಹರಿದು ಮೂಳೆ ಕಾಣುವಷ್ಟು ಕಚ್ಚಿದ ಹಾವುಗಳ ಚಿತ್ರ ನೋಡಿದ್ದೇನೆ. ಇನ್ನು ಇಲಿಯ ಕಡೆಯಿಂದಲೂ ಯೋಚಿಸಿ. ಫ್ರೋಜನ್ ಇಲಿಗಳನ್ನು ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮೊದಲೇ ಸಾಯಿಸಿರುತ್ತಾರೆ. ಹಾವಿನ ಎದುರು ಮೂಲೆ ಸೇರಿ ನಡುಗುವುದಕ್ಕಿಂತ ಅದು ಮೇಲು ಅಂತ ನನ್ನ ಅಭಿಪ್ರಾಯ. ಹಾವು ಸಾಕುವುದಾದರೆ ಒಂದು ಜೀವ ಹೋಗಲೇಬೇಕು. ಆಗ ಆ ಜೀವದ ಸಂಕಟ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡುವುದು ನಮ್ಮ ಪಾಲಿಗೆ ಬಂದ ಕೆಲಸ. ಇದೊಂದನ್ನು ಮನಸ್ಸಿಗೆ ಹೇಳಿಕೊಂಡೇ ನಾನು ಮೊದಲ ಸಲ ಆ ಪ್ಯಾಕೆಟ್ ಕೈಗೆ ತಗೊಂಡಿದ್ದು.

ಮರಿ ಸಿಕ್ಕಿದ್ದು ಸರೀಸೃಪಗಳ ಮೇಳವೊಂದರಲ್ಲಿ, ಮನೆಯಲ್ಲೇ ಮರಿ ಮಾಡಿಸುವ ಒಬ್ಬರ ಹತ್ತಿರ. ತೂಕ ಸುಮಾರು 150 ಗ್ರಾಂ. ಕಂದು ಮೈ ಮೇಲೆ ಕಪ್ಪು ಮಚ್ಚೆ, ಕಾಫಿ ಬೀಜದಂಥ ಸಣ್ಣ ತಲೆ. ಮಗ ಗುಂಡ ಅಂತ ಹೆಸರಿಟ್ಟ. "ಇದುವರೆಗೆ ಜೀವಂತ ಇಲಿ ಮಾತ್ರ ತಿಂದಿದೆ, ಫ್ರೋಜನ್ ಕೊಟ್ಟು ನೋಡಿಲ್ಲ" ಅಂತ ಅವರು ಮೊದಲೇ ಹೇಳಿದರು. ಕೊನೆಯ ಸಲ ಯಾವಾಗ ತಿಂದಿತು, ಯಾವ ಸೈಜ್ ತಿನ್ನುತ್ತಿತ್ತು ಅಂತ ಬರೆದೂ ಕೊಟ್ಟರು. ಆ ಚೀಟಿ ನಮಗೆ ತುಂಬಾ ಉಪಯೋಗಕ್ಕೆ ಬಂತು.

ಮನೆಗೆ ಬಂದ ಕೂಡಲೇ ಊಟ ಕೊಡುವ ಹಾಗಿಲ್ಲ. ಕಡಿಮೆ ಅಂದರೂ ಐದರಿಂದ ಏಳು ದಿನ ಅದನ್ನು ಅದರ ಪಾಡಿಗೆ ಬಿಡಬೇಕು. ಎತ್ತಿಕೊಳ್ಳುವುದೂ ಬೇಡ, ಸ್ನೇಹಿತರನ್ನು ಕರೆದು ತೋರಿಸುವುದೂ ಬೇಡ. ಮಗನಿಗೆ ಇದು ಬಹಳ ಕಷ್ಟವಾಯಿತು, ಪಾಪ. ಅಷ್ಟು ದಿನ ಕಾದು ತಂದ ಹಾವು, ಮುಟ್ಟುವ ಹಾಗಿಲ್ಲ ಅಂದರೆ! ನೀರು ಬದಲಿಸಲು ಮಾತ್ರ ಬಾಗಿಲು ತೆಗೆಯುತ್ತಿದ್ದೆವು. ಹಾವಿನ ಗಾಜಿನ ಟ್ಯಾಂಕಿನ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ, ಇನ್ನೊಂದು ಬದಿ 25ರ ಆಸುಪಾಸು, ತೇವಾಂಶ ಶೇಕಡಾ 60ರ ಮೇಲೆ. ಎರಡೂ ಬದಿಗೆ ಒಂದೊಂದು ಗೂಡು. ಬಿಸಿಗೆ ಥರ್ಮೋಸ್ಟಾಟ್ ಇರಲೇಬೇಕು. ಬೆಚ್ಚಗಿಲ್ಲದಿದ್ದರೆ ಹಾವಿಗೆ ತಿಂದದ್ದು ಅರಗುವುದಿಲ್ಲ. ಅದು ಗೊತ್ತಿದ್ದೇ ಏನೋ, ಚಳಿಯಲ್ಲಿ ಕೂತ ಹಾವು ತಿನ್ನುವ ಗೋಜಿಗೇ ಹೋಗುವುದಿಲ್ಲ.

ಆ ವಾರದಲ್ಲೇ ಇಲಿ ತಂದೆ. ಇಲ್ಲಿ ಸಾಕುಪ್ರಾಣಿಗಳ ದೊಡ್ಡ ಅಂಗಡಿಗಳಲ್ಲಿ ಒಂದು ಫ್ರೀಜರ್ ಇಟ್ಟಿರುತ್ತಾರೆ, ಅದರಲ್ಲಿ ಒಂದೊಂದೇ ಪ್ಯಾಕ್ ಮಾಡಿದ ಇಲಿಗಳು. ಆನ್‌ಲೈನಿನಲ್ಲಿ ಜಾಸ್ತಿ ತರಿಸಿದರೆ ಡ್ರೈ ಐಸ್ ಹಾಕಿದ ಥರ್ಮಕೋಲ್ ಡಬ್ಬಿಯಲ್ಲಿ ಬರುತ್ತದೆ, ಒಂದೊಂದಕ್ಕೆ ಬೀಳುವ ಬೆಲೆ ತುಂಬಾ ಕಡಿಮೆ. ಆದರೆ ಹಾವು ಏನು ತಿನ್ನುತ್ತದೆ ಅಂತ ಗೊತ್ತಾಗುವ ಮೊದಲು ಜಾಸ್ತಿ ತರಿಸಬೇಡಿ. ಸೈಜುಗಳಿಗೆ ಅವರದ್ದೇ ಹೆಸರುಗಳಿವೆ. ಆಗಷ್ಟೇ ಹುಟ್ಟಿದ, ಕೂದಲಿಲ್ಲದ ಮರಿ ಪಿಂಕಿ. ನವಿರು ಕೂದಲು ಬಂದದ್ದು ಫಝಿ. ಕಣ್ಣು ಬಿಟ್ಟು ಕುಪ್ಪಳಿಸುವಷ್ಟು ಬೆಳೆದದ್ದು ಹಾಪರ್. ಆಮೇಲೆ ದೊಡ್ಡ ಮೌಸ್. ಮೌಸ್ ಅಂದರೆ ಚಿಕ್ಕ ಜಾತಿಯ ಇಲಿ, ರ್ಯಾಟ್ ಅಂದರೆ ದೊಡ್ಡ ಜಾತಿಯದು. ರ್ಯಾಟ್‌ಗಳದ್ದು ಇನ್ನೊಂದು ಸಾಲು. ಮರಿ ಹಾವಿಗೆ ಅದರ ತೂಕದ ಶೇಕಡಾ 10ರಿಂದ 15ರಷ್ಟು ತೂಗುವ ಇಲಿ ಸರಿ. ತಕ್ಕಡಿ ಇಲ್ಲದವರು ಹಾವಿನ ಮೈ ಅತಿ ದಪ್ಪ ಇರುವ ಜಾಗ ನೋಡಿ, ಇಲಿ ಅಷ್ಟೇ ದಪ್ಪ ಇದ್ದರೆ ಸಾಕು. ಗುಂಡನಿಗೆ 18 ಗ್ರಾಂ ಆಸುಪಾಸಿನ ಮೌಸ್ ಲೆಕ್ಕಕ್ಕೆ ಬಂತು.

ಅಂಗಡಿಯಿಂದ ಬರುವಾಗ ಚೀಲದೊಳಗಿನ ಆ ಪ್ಯಾಕೆಟ್ ಕಡೆಗೇ ನನ್ನ ಮನಸ್ಸು. ಬಿಳಿ ಮೈ, ಮುಚ್ಚಿದ ಕಣ್ಣು, ಸಣ್ಣ ಕಿವಿ. ಮನೆಗೆ ಬಂದು ಗ್ಲೌಸ್ ಹಾಕಿಕೊಂಡು ಅದನ್ನು ಜಿಪ್ ಕವರಿಗೆ ಹಾಕುವಾಗ ಕೈ ನಡುಗಿತು. ಮಗ "ನಾನು ಮಾಡ್ತೀನಿ ಬಿಡಮ್ಮಾ" ಅಂದ. ಬೇಡ ಅಂದೆ. ಇಬ್ಬರಿಗೂ ಬರಬೇಕಾದ ಕೆಲಸ ಅದು. ಒಂದು ಸಲ ನಾನೇ ಪೂರ್ತಿ ಮಾಡದೆ ಅವನಿಗೆ ಸರಿಯಾಗಿ ಹೇಳಿಕೊಡಲು ಆಗುವುದಿಲ್ಲ ಅನಿಸಿತು.

ಕರಗಿಸುವುದಕ್ಕೆ ಆತುರ ಮಾಡಬಾರದು. ಜಿಪ್ ಕವರಿನ ಗಾಳಿ ತೆಗೆದು, ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ ಇಡುತ್ತೇವೆ. ತೇಲದ ಹಾಗೆ ಮೇಲೊಂದು ಬಟ್ಟಲು. ಬೇರೆ ಫ್ರಿಜ್ ಇರುವವರು ಹಿಂದಿನ ರಾತ್ರಿಯೇ ಅದರಲ್ಲಿಟ್ಟು ಕರಗಿಸುತ್ತಾರೆ, ಅದು ಇನ್ನೂ ಒಳ್ಳೆಯದು. ಹೊರಗೆ ಮೆತ್ತಗಾಗಿದೆ ಅಂತ ನಂಬಬೇಡಿ. ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಬೇಕು, ಒಳಗೆ ಗಟ್ಟಿ ಮಂಜು ಸಿಕ್ಕಿದರೆ ಇನ್ನೂ ಸ್ವಲ್ಪ ಹೊತ್ತು ಬಿಡಬೇಕು. ಒಳಗೆ ತಣ್ಣಗಿರುವ ಇಲಿ ನುಂಗಿದ ಹಾವು ಅದನ್ನು ಕಕ್ಕಿಬಿಡುವ ಅಪಾಯ ಇದೆ. ಕಕ್ಕಿದರೆ ಮತ್ತೆ ಸುಧಾರಿಸಿಕೊಳ್ಳಲು ವಾರಗಳೇ ಬೇಕು. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಒಂದು ಕಡೆ ಬೆಂದು ಇನ್ನೊಂದು ಕಡೆ ಹಾಗೇ ಇರುತ್ತದೆ, ಹೊಟ್ಟೆ ಒಡೆದುಹೋಗುವುದೂ ಉಂಟು. ಪೂರ್ತಿ ಕರಗಿದ ಮೇಲೆ ಬಿಸಿನೀರಿಗೆ ಹಾಕುತ್ತೇವೆ. ಕುದಿಯುವ ನೀರಲ್ಲ, ಸ್ನಾನದ ನೀರಿಗಿಂತ ಒಂಚೂರು ಬಿಸಿ. ಆಮೇಲೆ ಕಾಗದದಲ್ಲಿ ಒರೆಸಿ, ದೂರದಿಂದಲೇ ಬಿಸಿ ಅಳೆಯುವ ಟೆಂಪರೇಚರ್ ಗನ್ ಹಿಡಿದು ನೋಡುತ್ತೇವೆ. ಮೈ 37, 38 ಡಿಗ್ರಿ ತೋರಿಸಬೇಕು, ಅಂದರೆ ಬದುಕಿರುವ ಇಲಿಯ ಮೈ ಇದ್ದಷ್ಟು.

ಈ ಬಿಸಿಯ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬಾಲ್ ಪೈಥಾನಿನ ಮೇಲ್ದುಟಿಯ ಉದ್ದಕ್ಕೂ ಸಣ್ಣ ಸಣ್ಣ ಕುಳಿಗಳಿವೆ. ಅವು ಬಿಸಿಯನ್ನು ಗುರುತಿಸುವ ಅಂಗಗಳು. ಕತ್ತಲಲ್ಲಿ ಇಲಿ ಎಲ್ಲಿದೆ, ತಲೆ ಎಲ್ಲಿದೆ ಅಂತ ಇದರಿಂದಲೇ ಹಾವಿಗೆ ತಿಳಿಯುವುದು. ನಾಲಿಗೆ ಚಾಚಿ ವಾಸನೆ ಹಿಡಿಯುವುದು ಬೇರೆ. ಜೀವಂತ ಇಲಿ ಮಾತ್ರ ಕಂಡಿದ್ದ ಹಾವಿಗೆ ತಣ್ಣಗಿನ ಇಲಿ ಊಟ ಅಂತಲೇ ಅನಿಸುವುದಿಲ್ಲ.

ಮೊದಲ ರಾತ್ರಿ ಎಲ್ಲ ಸರಿಯಾಗಿಯೇ ಇತ್ತು. ಉದ್ದದ ಇಕ್ಕಳದಲ್ಲಿ ಇಲಿಯ ಸೊಂಟದ ಹತ್ತಿರ ಹಿಡಿದು, ತಲೆ ಮುಂದೆ ಮಾಡಿ, ಗೂಡಿನ ಬಾಯಿಯಿಂದ ಸ್ವಲ್ಪ ದೂರದಲ್ಲಿ ಹಿಡಿದೆ. ಗುಂಡ ತಲೆ ಹೊರಗೆ ಹಾಕಿದ. ನಾಲಿಗೆ ಒಂದೆರಡು ಸಲ ಆಡಿತು. ಆಮೇಲೆ ನಿಧಾನವಾಗಿ ತಲೆ ಹಿಂದಕ್ಕೆ ಎಳೆದುಕೊಂಡು ಉಂಡೆಯಾದ. ಇಲಿ ಹಿಡಿದುಕೊಂಡು ಅಟ್ಟಿಸಿಕೊಂಡು ಹೋದರೆ ಊಟವೇ ಶತ್ರುವಿನ ಹಾಗೆ ಕಾಣುತ್ತದೆ. ಹಾಗಾಗಿ ಗೂಡಿನ ಎದುರಿಗೆ ಒಂದು ತಟ್ಟೆಯಲ್ಲಿ ಇಲಿ ಇಟ್ಟು, ದೀಪ ಆರಿಸಿ ಬಂದೆವು. ಬೆಳಿಗ್ಗೆ ನೋಡಿದರೆ ಇಲಿ ಇಟ್ಟಲ್ಲೇ ಇತ್ತು. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡುವ ಹಾಗಿಲ್ಲ, ಎಸೆಯಬೇಕು. ಒಂದು ಜೀವ ಸುಮ್ಮನೆ ವ್ಯರ್ಥವಾಯಿತಲ್ಲ ಅಂತ ಅವತ್ತು ಇಡೀ ದಿನ ಮನಸ್ಸಿಗೆ ಹಿಂಸೆ ಆಯಿತು. ಹಿತ್ತಲಿನ ಮೇಪಲ್ ಮರದ ಕೆಳಗೆ ಆಳವಾಗಿ ಗುಂಡಿ ತೋಡಿ ಹೂತೆವು.

ಅದೇ ವಾರ ಊರಿನಿಂದ ಅಮ್ಮನ ಫೋನು. "ಎಂತ ತಿನ್ತಂತೆ ಅದು?" ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹಾಲು ಹಾಕಿದ್ರೆ ಆಗ್ತಿಲ್ವೇನೇ?" ಅಂದರು. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದವರು ನಾವು, ಅಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ. ಹಾವಿಗೆ ಹಾಲು ಊಟ ಅಲ್ಲ, ಅದನ್ನು ಅರಗಿಸಿಕೊಳ್ಳುವ ಶಕ್ತಿಯೇ ಅದಕ್ಕಿಲ್ಲ, ಬಾಯಾರಿ ಬಳಲಿದ ಹಾವು ಎದುರಿಗೆ ಹಾಲಿದ್ದರೆ ಕುಡಿದೀತು ಅಷ್ಟೇ, ಆಮೇಲೆ ಅದರಿಂದಲೇ ಕಾಯಿಲೆ ಬೀಳುತ್ತದೆ ಅಂತ ಹೇಳಿದೆ. ಅಮ್ಮ ಯೋಚನೆ ಮಾಡಿ, "ತೋಟದ ಕೇರೆಹಾವೂ ಇಲಿನೇ ಅಲ್ದನೇ ತಿನ್ನೋದು. ಅಪ್ಪ ಅದನ್ನ ಹೊಡೆಯೋಕೆ ಬಿಡ್ತಿರಲಿಲ್ಲ" ಅಂದರು. ಅಲ್ಲಿಂದ ಮುಂದೆ ಫೋನ್ ಮಾಡಿದಾಗೆಲ್ಲ ಮೊದಲ ಪ್ರಶ್ನೆ "ಉಂಡ್ತಾ?"

ಉಂಡಿರಲಿಲ್ಲ. ಮತ್ತೆ ಪ್ರಯತ್ನಿಸಿದಾಗಲೂ ತಿನ್ನಲಿಲ್ಲ. ಇಲ್ಲಿ ನನಗೆ ತಿಳಿದುಬಂದದ್ದು ಒಂದು, ಹಾವು ತಿನ್ನದಿದ್ದಾಗ ಮರುದಿನವೇ ಮತ್ತೆ ಕೊಡಲು ಹೋಗಬಾರದು. ಅದಕ್ಕೆ ಇನ್ನಷ್ಟು ಗಾಬರಿ ಆಗುತ್ತದೆ. ಐದಾರು ದಿನವಾದರೂ ಬಿಡಬೇಕು. ಮಗನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. "ಸಾಯಲ್ಲ ಅಲ್ವಾ ಅಮ್ಮಾ?" ಅಂತ ಕೇಳುತ್ತಿದ್ದ. ವಾರಕ್ಕೊಮ್ಮೆ ತೂಕ ಹಾಕಿ ಬರೆದಿಟ್ಟೆವು. ಆ ಬರಹವೇ ನಮಗೆ ಧೈರ್ಯ ಕೊಟ್ಟದ್ದು. ತೂಕ ಹೆಚ್ಚು ಕಡಿಮೆ ಅಷ್ಟೇ ಇತ್ತು. ಶೇಕಡಾ 10ರಷ್ಟು ಇಳಿದರೆ ಪಶುವೈದ್ಯರ ಹತ್ತಿರ ಹೋಗುವುದು ಅಂತ ನಿರ್ಧರಿಸಿದ್ದೆವು. ಹಾವಿಗೆ ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳಲು ದಿನಾ ಉಣ್ಣಬೇಕಾಗಿಲ್ಲ. ಬೆಳೆದ ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಮರಿಗೆ ಅಷ್ಟು ತಾಳಿಕೆ ಇರುವುದಿಲ್ಲ, ಅದಕ್ಕೇ ತೂಕ ನೋಡುವುದು.

ಮರಿ ಕೊಟ್ಟವರಿಗೆ ಫೋನ್ ಮಾಡಿದೆ. ಬಹಳ ಸಮಾಧಾನದಿಂದ ಮಾತಾಡಿದರು. ಗೂಡು ಚಿಕ್ಕದು ಮಾಡಿ ಅಂದರು. ಹಾವಿನ ಮೈ ಎಲ್ಲ ಬದಿಗೂ ತಾಗುವಷ್ಟು ಇಕ್ಕಟ್ಟಾಗಿದ್ದರೆ ಮಾತ್ರ ಅದಕ್ಕೆ ಭದ್ರ ಅನಿಸುತ್ತದಂತೆ. ಟ್ಯಾಂಕಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ, ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಎಲೆ, ತೊಗಟೆ ತುಂಬಿ ಅಂದರು. ದೀಪ ಆರಿ ಒಂದೆರಡು ಗಂಟೆ ಆದಮೇಲೆ ಕೊಡಿ, ಕೊಡುವ ಮುನ್ನ ಇಲಿಯ ತಲೆಗೆ ಮಾತ್ರ ಹೇರ್ ಡ್ರೈಯರ್ ಹಿಡಿದು ಇನ್ನೊಂದಿಷ್ಟು ಬಿಸಿ ಮಾಡಿ ಅಂದರು. ಮೈಗಿಂತ ತಲೆ ಬಿಸಿ ಇದ್ದರೆ ಹಾವು ತಲೆಗೇ ಗುರಿ ಇಡುತ್ತದೆ. ಇನ್ನೊಂದು ಮಾತು ಹೇಳಿದರು, ಇಲಿ ಕರಗಿಸುವ ಪಾತ್ರೆಯನ್ನು ಹಾವಿನ ಕೋಣೆಯಲ್ಲೇ ಇಡಿ, ವಾಸನೆ ಮೊದಲೇ ಹರಡಿದರೆ ಅದಕ್ಕೆ ಹಸಿವು ಕೆರಳುತ್ತದೆ ಅಂತ.

ಎಲ್ಲ ಹಾಗೇ ಮಾಡಿದೆವು. ಕೋಣೆಯಲ್ಲಿ ಕತ್ತಲು, ಹೊರಗಿನ ಹಜಾರದಿಂದ ಬರುವ ಮಸುಕು ಬೆಳಕು ಮಾತ್ರ. ಈ ಸಲ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಪಾತ್ರೆಯಲ್ಲಿ ಇಲಿ ಕರಗುತ್ತಿರುವಾಗಲೇ ಗುಂಡ ಗೂಡಿನಿಂದ ತಲೆ ಹೊರಗಿಟ್ಟು ಕೂತಿದ್ದ. ಇಕ್ಕಳ ಒಳಗೆ ಹೋದಾಗ ನಾಲಿಗೆ ಬೇಗ ಬೇಗ ಆಡತೊಡಗಿತು. ಕುತ್ತಿಗೆ ಮೆಲ್ಲನೆ ಹಿಂದಕ್ಕೆ ಮಡಚಿಕೊಂಡಿತು. ಅದು ಹೊಡೆಯುವ ಭಂಗಿ. ಆಗ ನಾವು ಅಲುಗಾಡಬಾರದು. ಮಗ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದ. ನಾನು ಇಲಿಯನ್ನು ಒಂದಿಷ್ಟೇ ಕದಲಿಸಿದೆ, ಬದುಕಿರುವ ಇಲಿ ಹೆಜ್ಜೆ ಇಟ್ಟ ಹಾಗೆ, ಮುಖದ ನೇರಕ್ಕೆ ತರದೆ ಬದಿಯಿಂದ. ಆಮೇಲೆ ನಡೆದದ್ದು ಕಣ್ಣಿಗೆ ಕಾಣಲೇ ಇಲ್ಲ. ಇಕ್ಕಳ ಜಗ್ಗಿದ್ದು ಗೊತ್ತಾಯಿತು, ನೋಡುವಷ್ಟರಲ್ಲಿ ಇಲಿಯ ಸುತ್ತ ಎರಡು ಸುತ್ತು ಬಿದ್ದಿತ್ತು.

ಹಿಡಿದ ತಕ್ಷಣ ಇಕ್ಕಳ ಬಿಟ್ಟು ಓಡಬೇಡಿ. ಬಾಲದ ತುದಿ ಹಿಡಿದು ಮೆಲ್ಲಗೆ ಒಂದೆರಡು ಸಲ ಜಗ್ಗಬೇಕು. ಸತ್ತ ಇಲಿ ಒದ್ದಾಡುವುದಿಲ್ಲ ಅಲ್ವಾ, ಹಾಗಾಗಿ ಹೊಸದಾಗಿ ಕಲಿಯುತ್ತಿರುವ ಹಾವು ಹಿಡಿತ ಬಿಟ್ಟು ಹೋಗಿಬಿಡಬಹುದು. ಇದರ ಹಿಂದೆ ಒಂದು ಚಂದದ ಸಂಶೋಧನೆ ಇದೆ. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಸತ್ತ ರ್ಯಾಟ್‌ಗಳನ್ನು ಬೆಚ್ಚಗೆ ಮಾಡಿ, ಅವುಗಳ ಒಳಗೆ ಎದೆಬಡಿತದಂತೆ ಮಿಡಿಯುವ ಸಣ್ಣ ಸಾಧನ ಇಟ್ಟು ಇದೇ ರೀತಿ ಸುತ್ತಿ ಹಿಡಿಯುವ ಬೋವಾ ಹಾವುಗಳಿಗೆ ಕೊಟ್ಟರು. ಮಿಡಿತ ಇದ್ದಷ್ಟು ಹೊತ್ತು ಹಾವು ಬಿಗಿ ಮಾಡುತ್ತಲೇ ಹೋಯಿತು, ಮಿಡಿತ ಇಲ್ಲದಿದ್ದರೆ ಬೇಗ ಬಿಟ್ಟಿತು. 2015ರಲ್ಲಿ ಬೋವಾಗಳ ಮೇಲೆಯೇ ನಡೆದ ಇನ್ನೊಂದು ಅಧ್ಯಯನದಲ್ಲಿ ಸುತ್ತಿದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತ ಸಂಚಾರವೇ ನಿಂತುಹೋಗುವುದು ಕಂಡುಬಂತು. ಉಸಿರುಗಟ್ಟಿಸಿ ಕೊಲ್ಲುತ್ತವೆ ಅಂತಲೇ ನಾವೆಲ್ಲ ಕೇಳಿದ್ದೆವು. ಇದನ್ನು ಮಗ ಓದಿ ಹೇಳಿದಾಗಿನಿಂದ ನನಗೆ ಈ ಪ್ರಾಣಿಯ ಮೇಲೆ ಬೇರೆಯೇ ಗೌರವ.

ನುಂಗಲು ಹತ್ತಿಪ್ಪತ್ತು ನಿಮಿಷ ತಗೊಂಡ. ಮೊದಲು ಸುತ್ತು ಸಡಿಲಿಸಿ, ಮೂಗಿನಿಂದ ಇಲಿಯ ಮೈಯೆಲ್ಲ ತಡಕಿ ತಲೆ ಹುಡುಕಿದ. ತಲೆಯಿಂದ ಶುರು ಮಾಡಿದರೆ ಕಾಲು, ಕೂದಲು ಹಿಂದಕ್ಕೆ ಮಡಚಿಕೊಂಡು ಸುಲಭವಾಗಿ ಜಾರುತ್ತವೆ. ಕೆಳದವಡೆಯ ಎರಡು ಭಾಗ ಮುಂದೆ ಗಟ್ಟಿಯಾಗಿ ಬೆಸೆದಿರುವುದಿಲ್ಲ, ಹಿಗ್ಗುವ ಎಳೆಗಳಿಂದ ಕೂಡಿರುತ್ತವೆ. ಎಡಬದಿ ಒಂದು ಹೆಜ್ಜೆ, ಬಲಬದಿ ಒಂದು ಹೆಜ್ಜೆ ಅಂತ ದವಡೆ ಮುಂದೆ ಮುಂದೆ ಹೋಗುತ್ತಿತ್ತು. ಕೊನೆಗೆ ಬಾಲವೂ ಒಳಗೆ ಹೋದಮೇಲೆ ದೊಡ್ಡದಾಗಿ ಎರಡು ಸಲ ಆಕಳಿಸಿದ. ಅದು ದವಡೆ ಸರಿ ಮಾಡಿಕೊಳ್ಳುವ ಕ್ರಮ. ಮಗ ಅಳುತ್ತಿದ್ದ. ನಾನೂ.

ಊರಿನಲ್ಲಿ ಬೆಳಗಾಗಿತ್ತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಂತೂ ಉಂಡ್ತಲ್ಲ. ಇನ್ನು ನೀವೂ ಉಂಡು ಮಲಗಿ" ಅಂದರು.

ತಿಂದ ಮೇಲೆ ಎರಡು ದಿನ, 48 ಗಂಟೆ, ಎತ್ತಬಾರದು. ಹೊಟ್ಟೆ ಉಬ್ಬಿರುವುದು ಕಾಣುತ್ತಿದ್ದರೆ ಇನ್ನೂ ಕಾಯಬೇಕು. ಮುಂದಿನ ಸಲವೂ ಅದೇ ಹೊತ್ತು, ಅದೇ ಇಕ್ಕಳ, ಅದೇ ಕತ್ತಲು. ಏನನ್ನೂ ಬದಲಿಸಲಿಲ್ಲ. ಒಂದು ಸಲ ಹಿಡಿದ ಮೇಲೆ ಅದಕ್ಕೆ ರೂಢಿಯಾಯಿತು. ಹೇರ್ ಡ್ರೈಯರ್ ಈಗ ಬೇಕಾಗಿಲ್ಲ. ನಡುವೆ ಒಮ್ಮೆ ಮತ್ತೆ ಊಟ ಬಿಟ್ಟಿದ್ದ, ನೋಡಿದರೆ ಕಣ್ಣು ನೀಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಪೊರೆ ಬಿಡುವ ಹೊತ್ತು ಅದು. ಆಗ ಕಣ್ಣೂ ಸರಿಯಾಗಿ ಕಾಣುವುದಿಲ್ಲ, ತಿನ್ನುವ ಮನಸ್ಸೂ ಇರುವುದಿಲ್ಲ. ಪೊರೆ ಬಿಟ್ಟ ಮೇಲೆ ಕೊಟ್ಟೆವು, ತಿಂದ. ಈಗ ಕರಗಿಸುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಎಲ್ಲ ಮಗನೇ ಮಾಡುತ್ತಾನೆ, ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದನಾ ಅಂತ ಮಾತ್ರ ನಾನು ನೋಡುತ್ತೇನೆ.

ಮುಂದಿನದು ಮೌಸ್‌ನಿಂದ ರ್ಯಾಟ್ ಮರಿಗೆ ಬದಲಿಸುವುದು. ಬೆಳೆದ ಬಾಲ್ ಪೈಥಾನಿಗೆ ಒಂದು ಮೌಸ್ ಸಾಲುವುದಿಲ್ಲ, ಎರಡು ಮೂರು ಕೊಡುವುದಕ್ಕಿಂತ ಒಂದು ರ್ಯಾಟ್ ಮೇಲು. ವಾಸನೆ ಬೇರೆ ಆದ್ದರಿಂದ ಮೊದಮೊದಲು ಒಲ್ಲೆ ಅನ್ನಬಹುದು. ರ್ಯಾಟ್ ಮರಿಯನ್ನು ಮೌಸ್ ಜೊತೆ ಒಂದೇ ಕವರಿನಲ್ಲಿ ಕರಗಿಸಿ ವಾಸನೆ ಅಂಟಿಸುವ ಉಪಾಯ ಇದೆ, ಅದನ್ನೇ ಮಾಡುತ್ತೇವೆ.

ನೀವು ಹೊಸದಾಗಿ ತರುವವರಾಗಿದ್ದರೆ ಬಣ್ಣ, ಬೆಲೆ ಎಲ್ಲ ಆಮೇಲೆ ನೋಡಿ. ಮೊದಲು, ಈ ಮರಿ ಫ್ರೋಜನ್ ತಿನ್ನುತ್ತಾ ಅಂತ ಕೇಳಿ. ಸಾಧ್ಯವಾದರೆ ಎದುರಿಗೇ ಒಂದು ಸಲ ತಿನ್ನಿಸಿ ತೋರಿಸಲು ಹೇಳಿ, ಇಲ್ಲವಾದರೆ ವಿಡಿಯೋ ಕೇಳಿ. ಯಾವ ಸೈಜು, ವಾರದ ಯಾವ ದಿನ, ಹಗಲೋ ರಾತ್ರಿಯೋ, ಇಕ್ಕಳದಿಂದಲೋ ತಟ್ಟೆಯಲ್ಲೋ ಅಂತ ಬರೆಸಿಕೊಳ್ಳಿ. ಒಳ್ಳೆಯ ಬ್ರೀಡರ್ ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ.